ಹೊಳೆಯ ಲೆಕ್ಕ ಯಾರ ಬುಕ್ಕಿನಲ್ಲಿದೆ?

ನಾಲ್ಕನೇ ಸೆಮಿಸ್ಟರ್‌ನಲ್ಲಿ ನಮಗೆಲ್ಲ ಮಾನವೀಯ ಮೌಲ್ಯಗಳು ಅಂತ ಒಂದು ಪೇಪರ್ ಇದೆ. ಒಂದು ಕ್ರೆಡಿಟ್. ಪರೀಕ್ಷೆ ಪೂರ್ತಿ ಎ, ಬಿ, ಸಿ, ಡಿ. ಹಿಂದಿನ ರಾತ್ರಿ ಸೀನಿಯರ್‌ಗಳು ಕಳಿಸಿದ ಪಿಡಿಎಫ್ ಮೇಲೆ ಒಂದು ಸಲ ಕಣ್ಣಾಡಿಸಿದರೆ ಪಾಸ್. ಪ್ರಾಮಾಣಿಕತೆ ಬೇಕೇ ಬೇಡವೇ ಅನ್ನೋದಕ್ಕೆ ಉತ್ತರ 'ಸಿ' ಅಂತ ಗೊತ್ತಾದ ಮೇಲೆ ಯೋಚನೆ ಮಾಡೋದಕ್ಕೆ ಇನ್ನೇನು ಉಳಿಯುತ್ತೆ? ಮುಂದೆ ಮ್ಯಾನೇಜ್‌ಮೆಂಟ್ ಪೇಪರ್ ಬರುತ್ತೆ. ಅದರಲ್ಲೂ ಬಿಸಿನೆಸ್ ಎಥಿಕ್ಸ್ ಅಂತ ಅರ್ಧ ಮಾಡ್ಯೂಲ್ ಇರುತ್ತೆ. ಉದಾಹರಣೆಗಳೆಲ್ಲ ಅಮೆರಿಕದವು. ಅಲ್ಲಿನ ಕಾರ್ ಕಂಪನಿ, ಅಲ್ಲಿನ ಆಡಿಟ್ ಕಂಪನಿ. ಓದಿ, ಡೆಫಿನಿಷನ್ ಬರೆದು, ಮರೆತುಬಿಡ್ತೀವಿ.

ನಮ್ಮ ವಾದ ಇಷ್ಟೇ: ಈ ವಿಷಯ ಕಲಿಯೋದಕ್ಕೆ ಅಮೆರಿಕಕ್ಕೆ ಹೋಗೋದು ಬೇಡ, ಹರಿಹರದ ಬಸ್ ಹತ್ತಿದರೆ ಸಾಕು. ದಾವಣಗೆರೆಯಿಂದ ಹದಿನಾಲ್ಕು ಕಿಲೋಮೀಟರ್. ಊರು ದಾಟಿ ತುಂಗಭದ್ರಾ ಸೇತುವೆ ಮೇಲೆ ಬಂದರೆ ಆಚೆ ದಡದ ಕುಮಾರಪಟ್ಟಣದಲ್ಲಿ ಚಿಮಣಿಗಳು ಕಾಣುತ್ತವೆ. ಹರಿಹರ ಪಾಲಿಫೈಬರ್ಸ್ ಮತ್ತು ಗ್ರಾಸಿಲೀನ್. ಬಿರ್ಲಾ ಗುಂಪಿನ ಗ್ವಾಲಿಯರ್ ರೇಯಾನ್, ಅಂದರೆ ಈಗಿನ ಗ್ರಾಸಿಮ್ ಕಂಪನಿಯ ಎರಡು ಘಟಕಗಳು. ಮೊದಲನೆಯದು 1972ರಲ್ಲಿ ಶುರುವಾಯಿತು, ಎರಡನೆಯದು 1977ರಲ್ಲಿ. ಅಪ್ಪ ಅಮ್ಮಂದಿರ ಕಾಲದವರಿಗೆ ಈ ಕಥೆ ಗೊತ್ತು. ನಮ್ಮ ಬ್ಯಾಚಿನಲ್ಲಿ ಕೇಳಿದರೆ ಹೆಚ್ಚಿನವರಿಗೆ ಗೊತ್ತಿರೋದು 'ಅಲ್ಲಿ ವಾಸನೆ ಬರುತ್ತೆ' ಅನ್ನೋದೊಂದೇ.

ವಾಸನೆಯಿಂದಲೇ ಶುರು ಮಾಡೋಣ. ಅದು ಕೆಮಿಸ್ಟ್ರಿ, ನಮ್ಮ ಏರಿಯಾ. ಒಂದು ಘಟಕದಲ್ಲಿ ಮರದ ಚೂರುಗಳಿಂದ ಪಲ್ಪ್ ತೆಗೀತಾರೆ. ಇನ್ನೊಂದರಲ್ಲಿ ಆ ಪಲ್ಪ್‌ನಿಂದ ವಿಸ್ಕೋಸ್ ನಾರು. ಅಂಗಡಿಯಲ್ಲಿ ರೇಯಾನ್ ಕುರ್ತಾ ಅಂತ ಕೊಳ್ತೀವಲ್ಲ, ಅದೇ. ಮರದಲ್ಲಿ ನಮಗೆ ಬೇಕಾದದ್ದು ಸೆಲ್ಯುಲೋಸ್, ಬೇಡವಾದದ್ದು ಲಿಗ್ನಿನ್. ಕಾಸ್ಟಿಕ್ ಸೋಡಾ, ಸೋಡಿಯಂ ಸಲ್ಫೈಡ್ ಹಾಕಿ ಒತ್ತಡದಲ್ಲಿ ಬೇಯಿಸಿದರೆ ಲಿಗ್ನಿನ್ ಕರಗಿ ಕಪ್ಪು ದ್ರಾವಣ ಆಗುತ್ತೆ. ಅದರಲ್ಲಿ ಬಹುಪಾಲನ್ನು ಬಾಯ್ಲರ್‌ನಲ್ಲಿ ಸುಟ್ಟು ರಾಸಾಯನಿಕ ವಾಪಸ್ ಪಡೀತಾರೆ. ಆದರೂ ತೊಳೆದ ನೀರು, ಬ್ಲೀಚ್ ಮಾಡಿದ ನೀರು ಉಳಿಯುತ್ತೆ. ಆಮೇಲೆ ಪಲ್ಪ್‌ಗೆ ಕಾರ್ಬನ್ ಡೈಸಲ್ಫೈಡ್ ಸೇರಿಸಿ, ಕಾಸ್ಟಿಕ್‌ನಲ್ಲಿ ಕರಗಿಸಿ, ಸಲ್ಫ್ಯೂರಿಕ್ ಆಸಿಡ್ ತೊಟ್ಟಿಯೊಳಗೆ ಸಣ್ಣ ತೂತುಗಳ ಮೂಲಕ ಬಿಟ್ಟರೆ ನಾರು ಬರುತ್ತೆ. ಆಗ ಹೈಡ್ರೋಜನ್ ಸಲ್ಫೈಡೂ ಬರುತ್ತೆ. ಕೊಳೆತ ಮೊಟ್ಟೆಯ ವಾಸನೆ ಅಂತ ಪಿಯುಸಿಯಲ್ಲಿ ಬರೆದಿದ್ದು ಇದನ್ನೇ.

ತೊಳೆದ ನೀರು ಹೊಳೆಗೆ ಹೋದರೆ ಅದರಲ್ಲಿರೋ ಸಾವಯವ ಕಸವನ್ನು ತಿನ್ನೋಕೆ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕ ಬಳಸುತ್ತವೆ. ಎಷ್ಟು ಬಳಸುತ್ತವೆ ಅನ್ನೋದೇ ಬಿಓಡಿ. ಬೇಸಿಗೆಯಲ್ಲಿ ಹೊಳೆ ಕಾಲುವೆಯಷ್ಟಾದಾಗ ನೀರು ಕಡಿಮೆ, ಬಿಸಿ ಜಾಸ್ತಿ, ಆಮ್ಲಜನಕ ಮೊದಲೇ ಕಡಿಮೆ. ಮೀನು ವಿಷದಿಂದಲೇ ಸಾಯಬೇಕು ಅಂತಿಲ್ಲ, ಉಸಿರು ಕಟ್ಟಿಯೂ ಸಾಯುತ್ತೆ. 1980ರ ದಶಕದಲ್ಲಿ ತುಂಗಭದ್ರೆಯಲ್ಲಿ ಮೀನುಗಳು ರಾಶಿ ರಾಶಿ ಸತ್ತು ತೇಲಿದವು. ಕೆಳಗಿನ ಹಳ್ಳಿಗಳಲ್ಲಿ ಮೀನು ಹಿಡಿಯೋರು, ದನ ತೊಳೆಯೋರು, ಹೊಳೆ ನೀರು ಕುಡಿಯೋರು ದೂರು ಹೇಳತೊಡಗಿದರು. ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು.

ಇಲ್ಲಿಗೆ 'ಕಂಪನಿ ಕೆಟ್ಟದ್ದು, ಜನ ಒಳ್ಳೆಯವರು' ಅಂತ ಹೇಳಿ ಮುಗಿಸಬಹುದು. ಆದರೆ ಅಷ್ಟು ಸಲೀಸಾಗಿದ್ದರೆ ಇಷ್ಟೆಲ್ಲ ಥಿಯರಿ ಹುಟ್ಟುತ್ತಲೇ ಇರಲಿಲ್ಲ. ಒಂದು ಮಾತು ಮೊದಲೇ ಹೇಳಿಬಿಡ್ತೀವಿ. ಇದು ಆಗಿನ ಕಥೆ. ಅಲ್ಲಿಂದ ಇಲ್ಲಿಗೆ ಕಾನೂನು ಬದಲಾಗಿದೆ, ಯಂತ್ರಗಳು ಬದಲಾಗಿವೆ. ಇವತ್ತಿನ ಪೈಪಿನಲ್ಲಿ ಏನು ಬರ್ತಿದೆ ಅನ್ನೋದು ಈ ಲೇಖನದ ವಿಷಯ ಅಲ್ಲ.

ಇಸವಿಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ. 1970ರಲ್ಲಿ ಮಿಲ್ಟನ್ ಫ್ರೀಡ್‌ಮನ್ ನ್ಯೂಯಾರ್ಕಿನ ಪತ್ರಿಕೆಯಲ್ಲಿ ತನ್ನ ಹೆಸರಾಂತ ಲೇಖನ ಬರೆದ: ವ್ಯಾಪಾರದ ಸಾಮಾಜಿಕ ಜವಾಬ್ದಾರಿ ಅಂದರೆ ಲಾಭ ಹೆಚ್ಚಿಸೋದು, ಅಷ್ಟೇ. 1971ರಲ್ಲಿ ಜಾನ್ ರಾಲ್ಸ್‌ನ ನ್ಯಾಯದ ಬಗೆಗಿನ ದೊಡ್ಡ ಪುಸ್ತಕ ಬಂತು. 1972ರಲ್ಲಿ ಕುಮಾರಪಟ್ಟಣದಲ್ಲಿ ಫ್ಯಾಕ್ಟರಿ ಬಂತು. ನಮ್ಮ ದೇಶದ ಜಲಮಾಲಿನ್ಯ ಕಾಯ್ದೆ ಬಂದದ್ದು 1974ರಲ್ಲಿ.

ಫ್ರೀಡ್‌ಮನ್‌ನನ್ನು ಬೈಯೋರು ಅವನು ಹಾಕಿದ ಷರತ್ತು ಮರೀತಾರೆ. ಲಾಭ ಮಾಡು, ಆದರೆ ಆಟದ ನಿಯಮದೊಳಗೆ ಮಾಡು, ಮೋಸ ಮಾಡಬೇಡ ಅಂತ ಅವನೂ ಹೇಳಿದ್ದ. ಸರಿ. ಆದರೆ ಆಟ ಶುರುವಾದಾಗ ನಿಯಮವೇ ಬರೆದಿಲ್ಲ ಅಂದ್ರೆ? 1972ರಲ್ಲಿ ನೀರಿನ ಮಾಲಿನ್ಯಕ್ಕೆ ಅಂತಲೇ ಇಡೀ ದೇಶಕ್ಕೆ ಒಂದು ಕಾನೂನು ಇರಲಿಲ್ಲ. ಹಂಗಾದ್ರೆ 1973ರಲ್ಲಿ ಹೊಳೆಗೆ ಬಿಟ್ಟ ನೀರು ಸರಿ, ಅದೇ ನೀರು 1975ರಲ್ಲಿ ತಪ್ಪು ಅಂತಾಯ್ತು. ಮೀನಿಗೆ ಗೆಜೆಟ್ ಓದೋಕೆ ಬರಲ್ಲ. ಕಾನೂನು ಮತ್ತು ನೀತಿ ಒಂದೇ ಅಲ್ಲ ಅನ್ನೋದಕ್ಕೆ ಎರಡು ಪುಟದ ವಿವರಣೆ ಓದಿದ್ದೀವಿ, ಈ ಎರಡು ಇಸವಿಗಳಷ್ಟು ಚೆನ್ನಾಗಿ ಯಾವುದೂ ತಲೆಗೆ ಹೋಗಲಿಲ್ಲ.

ಈಗ ಎದುರು ಪಕ್ಷದ ಬಲವಾದ ವಾದ. ಕೆಲಸ. ಫ್ಯಾಕ್ಟರಿ ಅಂದರೆ ಸಂಬಳ, ಕ್ವಾರ್ಟರ್ಸ್, ಲಾರಿ ಬಾಡಿಗೆ, ಹೋಟೆಲ್, ಟ್ಯೂಷನ್. ಇದನ್ನು ಹಗುರವಾಗಿ ತಗೊಳ್ಳೋರು ದಾವಣಗೆರೆ ಹರಿಹರದವರಂತೂ ಆಗಿರೋಕೆ ಸಾಧ್ಯ ಇಲ್ಲ. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ರು. ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದ ಮೇಲೆ ಆ ಹೆಸರು ಕ್ವಿಜ್‌ಗೆ ಮಾತ್ರ ಉಳೀತು. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಮಾಡ್ತಿತ್ತು. ನಮ್ಮ ಕಡೆಯ ಎಷ್ಟೋ ವರ್ಕ್‌ಶಾಪ್‌ಗಳಲ್ಲಿ ಆ ಹಳೇ ಲೇತ್ ಈಗಲೂ ತಿರುಗುತ್ತೆ, ಮಾಡಿದ ಫ್ಯಾಕ್ಟರಿ ಇಲ್ಲ. ಅದು ಮುಚ್ಚಿದಾಗ ಹರಿಹರಕ್ಕೆ ಏನಾಯಿತು ಅಂತ ಆ ಊರಿನ ಯಾವ ಮನೆಯಲ್ಲಿ ಬೇಕಾದ್ರೂ ಕೇಳಿ. ಮುಚ್ಚಿದ ಫ್ಯಾಕ್ಟರಿಯಿಂದ ಹೊಳೆಗೆ ಮಾಲಿನ್ಯ ಇಲ್ಲ ನಿಜ. ಆದರೆ ಮಗಳ ಫೀಸು ಕಟ್ಟೋಕೆ ಮನೆ ಮಾರಿದ ಅಪ್ಪನಿಗೆ ಹೋಗಿ ಅದನ್ನು ಹೇಳೋಕಾಗುತ್ತಾ?

ಬೆಂಥಮ್, ಮಿಲ್ ಇವರ ಉಪಯುಕ್ತತಾವಾದ ಇಲ್ಲಿಂದಲೇ ಮಾತಾಡುತ್ತೆ. ಹೆಚ್ಚು ಜನರಿಗೆ ಹೆಚ್ಚು ಸುಖ ಯಾವುದರಲ್ಲಿ ಅಂತ ಕೂಡಿ ಕಳೆದು ನೋಡಿ ಅನ್ನುತ್ತೆ. ಎಂಜಿನಿಯರಿಂಗ್ ತಲೆಗೆ ಇದು ಬೇಗ ಹಿಡಿಸುತ್ತೆ, ಯಾಕಂದ್ರೆ ಇದು ಆಪ್ಟಿಮೈಸೇಷನ್. ಆದರೆ ಲೆಕ್ಕ ಹಾಕೋಕೆ ಇನ್‌ಪುಟ್ ಬೇಕಲ್ಲ? ಫ್ಯಾಕ್ಟರಿಯೊಳಗೆ ಎಷ್ಟು ಜನ ಕೆಲಸಕ್ಕಿದ್ದಾರೆ ಅಂತ ಮಸ್ಟರ್ ರೋಲ್ ಹೇಳುತ್ತೆ. ಎಷ್ಟು ಟನ್ ನಾರು, ಎಷ್ಟು ಕೋಟಿ ವಹಿವಾಟು, ಎಷ್ಟು ತೆರಿಗೆ, ಎಲ್ಲಕ್ಕೂ ಬುಕ್ ಇದೆ. ಹೊಳೆಯಲ್ಲಿ ಮೀನು ಹಿಡಿದು ಸಂಜೆ ಸಂತೆಯಲ್ಲಿ ಮಾರೋನಿಗೆ ಯಾವ ಮಸ್ಟರ್ ರೋಲ್? ದುಡ್ಡು ಕೊಡದೆ ಸಿಗ್ತಿದ್ದ ಕುಡಿಯೋ ನೀರಿಗೆ ಯಾವ ಬಿಲ್ಲು? ಒಂದು ಕಡೆಯ ಲಾಭ ಪೈಸೆವರೆಗೂ ಬರೆದಿರುತ್ತೆ. ಇನ್ನೊಂದು ಕಡೆಯ ನಷ್ಟಕ್ಕೆ ಅಂಕಿಯೇ ಇಲ್ಲ, ಹಂಗಾಗಿ ಸೊನ್ನೆ ಅಂತ ಎಂಟ್ರಿ ಆಗುತ್ತೆ. ಆಮೇಲೆ 'ಕೂಡಿ ಕಳೆದು ನೋಡಿದ್ವಿ, ಫ್ಯಾಕ್ಟರಿಯೇ ಸರಿ' ಅಂತ ಉತ್ತರ ಬಂದರೆ ಆಶ್ಚರ್ಯ ಏನಿದೆ? ನಾವು ಥಿಯರಿಯನ್ನು ತಪ್ಪು ಅಂತಿಲ್ಲ. ಡೇಟಾ ಶೀಟ್ ತುಂಬಿದೋರು ಯಾರು ಅಂತ ಕೇಳ್ತಿದ್ದೀವಿ.

ಅರ್ಥಶಾಸ್ತ್ರದವರು ಇದಕ್ಕೊಂದು ಹೆಸರಿಟ್ಟಿದ್ದಾರೆ, ಎಕ್ಸ್‌ಟರ್ನ್ಯಾಲಿಟಿ. ಹೊರಗಿನವರ ತಲೆ ಮೇಲೆ ಬೀಳೋ ಖರ್ಚು. 1920ರಲ್ಲೇ ಪಿಗೂ ಇದನ್ನು ಗುರುತಿಸಿ, ಆ ಖರ್ಚಿನಷ್ಟು ತೆರಿಗೆ ಹಾಕಿ ಅಂದ. 1960ರಲ್ಲಿ ಕೋಸ್ ಬಂದು, ಹಕ್ಕು ಯಾರದು ಅಂತ ಸ್ಪಷ್ಟ ಇದ್ದು, ಮಾತುಕತೆಗೆ ಖರ್ಚು ಇಲ್ಲದಿದ್ದರೆ ಇಬ್ಬರೂ ಕೂತು ಬಗೆಹರಿಸಿಕೊಳ್ಳಬಹುದು ಅಂದ. ಬೋರ್ಡ್ ಮೇಲೆ ಚೆನ್ನಾಗಿ ಕಾಣುತ್ತೆ. ಹೊಳೆ ದಂಡೆ ಮೇಲೆ ನಿಂತು ನೋಡಿ. ಒಂದು ಕಡೆ ವಕೀಲರಿರೋ ಕಂಪನಿ, ಇನ್ನೊಂದು ಕಡೆ ಹಳ್ಳಿ ಹಳ್ಳಿಯ ಜನ, ಅವರೊಳಗೆ ಹತ್ತು ಪಾರ್ಟಿ. ಸಾಲದ್ದಕ್ಕೆ ಹೊಳೆಯೇ ಜಿಲ್ಲೆಯ ಗಡಿ. ಹರಿಹರ ದಾವಣಗೆರೆ ಜಿಲ್ಲೆ, ಕುಮಾರಪಟ್ಟಣ ಹಾವೇರಿ ಜಿಲ್ಲೆ. ಆಗಿನ ಕಾಲಕ್ಕೆ ಚಿತ್ರದುರ್ಗ ಮತ್ತು ಧಾರವಾಡ. ಅರ್ಜಿ ಹಿಡಿದು ಯಾವ ಡಿಸಿ ಆಫೀಸಿಗೆ ಹೋಗಬೇಕು ಅನ್ನೋದೇ ಮೊದಲ ಪ್ರಶ್ನೆ.

'ಸ್ಟೇಕ್‌ಹೋಲ್ಡರ್' ಅನ್ನೋ ಪದಕ್ಕೆ ಕನ್ನಡದಲ್ಲಿ 'ಪಾಲುದಾರ' ಅಂತ ಬರೀತಾರೆ. ನಮ್ಮ ಕ್ಲಬ್ಬಿನಲ್ಲಿ ಇದರ ಮೇಲೆ ಅರ್ಧ ಗಂಟೆ ಜಗಳ ಆಗಿದೆ. ಪಾಲುದಾರ ಅಂದರೆ ಲಾಭದಲ್ಲಿ ಪಾಲಿರೋನು. ಬರೀ ನಷ್ಟದಲ್ಲಿ ಮಾತ್ರ ಪಾಲಿರೋನನ್ನ ಏನಂತ ಕರೀಬೇಕು? ಯಾರಿಗಾದ್ರೂ ಒಳ್ಳೇ ಪದ ಹೊಳೆದರೆ ಕಳಿಸಿ.

ಕ್ಯಾಂಟ್ ಈ ಕೂಡೋ ಕಳೆಯೋ ಆಟಕ್ಕೇ ಬರಲ್ಲ. ಮನುಷ್ಯನನ್ನ ಇನ್ನೊಬ್ಬರ ಗುರಿಗೆ ಬರೀ ಸಾಧನ ಮಾಡಬೇಡ ಅಂತಾನೆ. ಕೆಳಗಿನ ಊರಿನ ನೀರನ್ನ ಕೇಳದೆ ತಗೊಂಡು ನನ್ನ ಖರ್ಚು ಉಳಿಸಿಕೊಂಡರೆ ಅಷ್ಟರ ಮಟ್ಟಿಗೆ ಆ ಊರೇ ನನ್ನ ಟ್ರೀಟ್‌ಮೆಂಟ್ ಪ್ಲಾಂಟ್. ಅವರ ಹೊಟ್ಟೆ ನನ್ನ ಫಿಲ್ಟರ್. ರಾಲ್ಸ್‌ನ ಮಾತನ್ನು ನಮ್ಮ ಹೊಳೆಗೆ ಹೊಂದಿಸಿದರೆ ಹೀಗಾಗುತ್ತೆ: ನೀವು ಫ್ಯಾಕ್ಟರಿಗಿಂತ ಮೇಲಿನ ಊರಲ್ಲಿ ಹುಟ್ತೀರೋ, ಕೆಳಗಿನ ಊರಲ್ಲೋ, ಮ್ಯಾನೇಜರ್ ಮನೆಯಲ್ಲೋ, ಬೆಸ್ತರ ಮನೆಯಲ್ಲೋ ಗೊತ್ತಿಲ್ಲ. ಗೊತ್ತಾಗೋಕೆ ಮುಂಚೆ ಪೈಪ್ ಎಲ್ಲಿ ಬಿಡಬೇಕು, ಬಿಡೋಕೆ ಮುಂಚೆ ಎಷ್ಟು ತೊಳೀಬೇಕು ಅಂತ ನಿಯಮ ಬರೀರಿ. ಫ್ಯಾಕ್ಟರಿ ಬೇಡವೇ ಬೇಡ ಅಂತ ಬಹುಶಃ ಯಾರೂ ಬರೆಯಲ್ಲ, ಯಾಕಂದ್ರೆ ನೀವು ಕೆಲಸ ಹುಡುಕೋ ಹುಡುಗನಾಗಿಯೂ ಹುಟ್ಟಬಹುದು. ಆದರೆ ತೊಳೆಯದ ನೀರು ಬಿಡಿ ಅಂತಲೂ ಯಾರೂ ಬರೆಯಲ್ಲ. ಓದಿದ್ದರಲ್ಲಿ ನಮಗೆ ಉಪಯೋಗಕ್ಕೆ ಬಂದ ಥಿಯರಿ ಇದೊಂದೇ ಅನ್ನಬಹುದು.

ಇನ್ನು ಆರ್ಥಿಕ ವ್ಯವಸ್ಥೆಯ ಪ್ರಶ್ನೆ. ಹಾಸ್ಟೆಲಿನಲ್ಲಿ ಈ ಚರ್ಚೆ ಬಂದರೆ ಎರಡೇ ಪಾರ್ಟಿ. ಒಬ್ಬ ಎಲ್ಲಾ ಬಂಡವಾಳಶಾಹಿ ತಪ್ಪು ಅಂತಾನೆ, ಇನ್ನೊಬ್ಬ ಸರ್ಕಾರ ಕೈ ಹಾಕಿದ್ದೇ ತಪ್ಪು ಅಂತಾನೆ. ನಮ್ಮ ಹೊಳೆಯ ಕಥೆ ಇಬ್ಬರನ್ನೂ ಸುಮ್ಮನಾಗಿಸುತ್ತೆ.

1984ರ ನವೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಅಂತ ಒಂದು ಕಂಪನಿ ಕಟ್ಟಲು ಒಪ್ಪಂದ ಮಾಡಿಕೊಂಡವು. ಸರ್ಕಾರದ ಪಾಲು 51, ಕಂಪನಿಯ ಪಾಲು 49. ಕೆಲಸ ಏನಂದ್ರೆ ಸುಮಾರು 30,000 ಹೆಕ್ಟೇರ್ ಸರ್ಕಾರಿ ಭೂಮಿಯಲ್ಲಿ ನೀಲಗಿರಿಯಂಥ ಬೇಗ ಬೆಳೆಯೋ ಮರ ಬೆಳೆದು ಫ್ಯಾಕ್ಟರಿಗೆ ಕೊಡೋದು. ಆ ಭೂಮಿ ದಾಖಲೆಯಲ್ಲಿ ಸರ್ಕಾರದ್ದು. ಬಳಕೆಯಲ್ಲಿ ಊರಿನದು. ದನ ಮೇಯೋದು ಅಲ್ಲಿ, ಸೌದೆ ಸೊಪ್ಪು ತರೋದು ಅಲ್ಲಿಂದ. ನೀಲಗಿರಿ ಎಲೆಯನ್ನ ದನ ಮೂಸಿಯೂ ನೋಡಲ್ಲ.

ಇದನ್ನು ಯಾವ ವ್ಯವಸ್ಥೆ ಅಂತ ಕರೀತೀರಿ? ಮುಕ್ತ ಮಾರುಕಟ್ಟೆ ಅಲ್ಲ, ಯಾಕಂದ್ರೆ ಭೂಮಿ ಮಾರುಕಟ್ಟೆಗೇ ಬರಲಿಲ್ಲ. ಸಮಾಜವಾದ ಅಲ್ಲ, ಬೆಳೆದ ಮರ ಹೋಗೋದು ಖಾಸಗಿ ಫ್ಯಾಕ್ಟರಿಗೆ. ಆಗ ಇದಕ್ಕೆ ಜಂಟಿ ವಲಯ ಅಂತಿದ್ರು. ಮಾಲಿನ್ಯಕ್ಕೆ ನೋಟಿಸ್ ಕೊಡಬೇಕಾದ ಸರ್ಕಾರವೇ ಬಿಸಿನೆಸ್ ಪಾರ್ಟ್‌ನರ್ ಆದರೆ ಊರಿನವರು ಯಾರ ಹತ್ತಿರ ಹೋಗಬೇಕು? ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಅನ್ನೋ ಗಾದೆಗೆ ಇದಕ್ಕಿಂತ ಸರಿಯಾದ ಷೇರು ಪ್ರಮಾಣ ಬೇಕಾ? ಮ್ಯಾನೇಜ್‌ಮೆಂಟ್ ಪುಸ್ತಕದ ಭಾಷೆಯಲ್ಲಿ ಇದೇ ಹಿತಾಸಕ್ತಿ ಸಂಘರ್ಷ.

ಜನ ಸುಮ್ಮನಿರಲಿಲ್ಲ. ಸಮಾಜ ಪರಿವರ್ತನ ಸಮುದಾಯ ಸುಪ್ರೀಂ ಕೋರ್ಟಿಗೆ ಹೋಯಿತು. ಅರ್ಜಿದಾರರಲ್ಲಿ ಮೊದಲ ಹೆಸರು ಶಿವರಾಮ ಕಾರಂತರದ್ದು. ಜ್ಞಾನಪೀಠದ ಕಾರಂತರೇ. 1987ರ ನವೆಂಬರ್ 14ರಂದು ಹಾನಗಲ್ ಕಡೆಯ ಕುಸನೂರಿನಲ್ಲಿ ಸುಮಾರು 2000 ಜನ ಸೇರಿ 'ಕಿತ್ತಿಕೊ ಹಚ್ಚಿಕೊ' ಸತ್ಯಾಗ್ರಹ ಮಾಡಿದರು. ಸುಮಾರು ನೂರು ನೀಲಗಿರಿ ಸಸಿ ಕೀಳೋದು, ಆ ಜಾಗದಲ್ಲಿ ಊರಿಗೆ ಬೇಕಾದ ಗಿಡ ನೆಡೋದು, ಅರೆಸ್ಟ್ ಆಗೋದು. ಸಾವಿರಾರು ಕೀಳಬಹುದಿತ್ತು, ಕೀಳಲಿಲ್ಲ. ಕಿತ್ತಷ್ಟೇ ಮುಖ್ಯ ಹಚ್ಚಿದ್ದು. ಕೊನೆಗೆ 1991ರಲ್ಲಿ ಆ ಜಂಟಿ ಕಂಪನಿಯನ್ನು ಮುಚ್ಚೋ ತೀರ್ಮಾನ ಆಯಿತು. ಅದೇ ವರ್ಷ ದೇಶ ಉದಾರೀಕರಣಕ್ಕೆ ಹೊರಳಿತು.

ಆ 1984 ಇನ್ನೊಂದು ಕಾರಣಕ್ಕೂ ತಲೆಯಲ್ಲಿ ಕೂತಿದೆ. ಫ್ರೀಮನ್ ಅನ್ನೋ ಅಮೆರಿಕದ ಪ್ರೊಫೆಸರ್ ಸ್ಟೇಕ್‌ಹೋಲ್ಡರ್ ಥಿಯರಿಯ ಪುಸ್ತಕ ಪ್ರಕಟಿಸಿದ್ದು ಅದೇ ವರ್ಷ. ಡಿಸೆಂಬರ್ 2ರ ರಾತ್ರಿ ಭೋಪಾಲ್ ಆಗಿದ್ದೂ ಅದೇ ವರ್ಷ. ಸಿಲಬಸ್‌ನಲ್ಲಿ ಫ್ರೀಮನ್ ಇದ್ದಾನೆ.

ಹೊರಗಡೆಯೂ ಇದೇ ಕಥೆ. ಜಪಾನಿನ ಮಿನಮಾಟಾದಲ್ಲಿ ಚಿಸ್ಸೋ ಕಂಪನಿ ಸಮುದ್ರಕ್ಕೆ ಪಾದರಸ ಬಿಟ್ಟಿತು. 1956ರಲ್ಲಿ ಕಾಯಿಲೆ ಬೆಳಕಿಗೆ ಬಂತು. ಊರಿಗೆ ಅನ್ನ ಕೊಡ್ತಿದ್ದದ್ದೇ ಆ ಕಂಪನಿ, ಅದಕ್ಕೇ ಕಾಯಿಲೆ ಬಿದ್ದ ಮೀನುಗಾರರ ಮೇಲೆ ಊರಿನವರಿಗೇ ಸಿಟ್ಟು. ಅದು ಬಂಡವಾಳಶಾಹಿ ದೇಶ. ಲಾಭ ಅನ್ನೋ ಪದವೇ ಬೈಗುಳ ಆಗಿದ್ದ ಸೋವಿಯತ್ ಒಕ್ಕೂಟ 1960ರ ದಶಕದಿಂದ ಹತ್ತಿ ಬೆಳೆಯೋಕೆ ಎರಡು ನದಿಗಳ ನೀರು ತಿರುಗಿಸಿ ಅರಲ್ ಸಮುದ್ರವನ್ನೇ ಒಣಗಿಸಿತು. ಅಲ್ಲಿ ಬೆನ್ನಟ್ಟಿದ್ದು ಲಾಭವನ್ನಲ್ಲ, ಯೋಜನೆಯ ಟಾರ್ಗೆಟ್‌ಅನ್ನ. ಮೀನು ಎರಡರ ಲೆಕ್ಕದಲ್ಲೂ ಇರಲಿಲ್ಲ. ವ್ಯವಸ್ಥೆಯ ಹೆಸರಿಗಿಂತ ನಾವು ಕೇಳಬೇಕಾದದ್ದು, ನಷ್ಟ ಆದೋನು ಬಾಯಿ ಬಿಟ್ಟರೆ ಕೇಳೋ ಕಿವಿ ಆ ವ್ಯವಸ್ಥೆಯಲ್ಲಿ ಎಲ್ಲಿದೆ ಅಂತ. ನಮ್ಮಲ್ಲಿ ಕೋರ್ಟ್ ಇತ್ತು, ಪತ್ರಿಕೆ ಇತ್ತು, ಕುಸನೂರಿಗೆ ಹೋಗೋಕೆ ಬಸ್ ಇತ್ತು. ಅಷ್ಟರಿಂದ ಇಷ್ಟಾಯಿತು.

ಮೂರನೇ ದಾರಿ ಅಂತ ಗಾಂಧಿಯ ಟ್ರಸ್ಟೀಶಿಪ್ ಹೇಳ್ತಾರೆ. ಶ್ರೀಮಂತ ತನ್ನ ಆಸ್ತಿಗೆ ಮಾಲೀಕ ಅಲ್ಲ, ಸಮಾಜದ ಪರವಾಗಿ ನೋಡಿಕೊಳ್ಳೋ ಟ್ರಸ್ಟಿ ಅನ್ನೋ ವಿಚಾರ. ಗಾಂಧಿಗೆ ಬಹಳ ಹತ್ತಿರವಾಗಿದ್ದ ಉದ್ಯಮಿ ಘನಶ್ಯಾಮದಾಸ್ ಬಿರ್ಲಾ. ಗಾಂಧಿ ಕೊನೆಯುಸಿರೆಳೆದದ್ದೂ ದೆಹಲಿಯ ಬಿರ್ಲಾ ಭವನದಲ್ಲೇ. ಅದೇ ಮನೆತನದ ಫ್ಯಾಕ್ಟರಿಯ ವಿರುದ್ಧ ಜನ ಗಾಂಧಿಯ ಸತ್ಯಾಗ್ರಹದ ದಾರಿ ಹಿಡಿದದ್ದನ್ನು ವ್ಯಂಗ್ಯ ಅಂತ ಕರೆದು ಬಿಡಬಹುದು. ನಮಗೆ ಕಂಡದ್ದು ಬೇರೆ. ಟ್ರಸ್ಟಿ ಸರಿಯಾಗಿ ನಡ್ಕೊಳ್ಳದಿದ್ದರೆ ಏನು ಮಾಡಬೇಕು ಅಂತಲೂ ಗಾಂಧಿಯೇ ಹೇಳಿಕೊಟ್ಟಿದ್ದರು, ಜನ ಅದನ್ನೇ ಮಾಡಿದರು.

ಈಗ ಟ್ರಸ್ಟೀಶಿಪ್‌ನ ಜಾಗಕ್ಕೆ ಸಿಎಸ್‌ಆರ್ ಬಂದಿದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದಲ್ಲಿ 2 ಪರ್ಸೆಂಟ್ ಸಮಾಜಕ್ಕೆ ಖರ್ಚು ಮಾಡಬೇಕು. ಶಾಲೆಗೆ ಬೆಂಚು, ಆಸ್ಪತ್ರೆಗೆ ಮಷಿನ್, ಒಳ್ಳೇದೇ. ಆದರೆ ಈ 2 ಪರ್ಸೆಂಟ್ ಲಾಭ ಬಂದ ಮೇಲಿನ ಮಾತು. ಹೊಳೆಯ ಖರ್ಚು ಲಾಭ ಅಂತ ಬರೆಯೋಕೆ ಮುಂಚೆ ಕಳೀಬೇಕಾದದ್ದು. ಅದನ್ನು ಕಳೆಯದೆ ಲಾಭ ತೋರಿಸಿ, ಅದರಲ್ಲಿ ಎರಡು ಪೈಸೆ ವಾಪಸ್ ಕೊಟ್ಟು ಬೋರ್ಡ್ ಹಾಕಿಸೋದು ಅತ್ತೆ ಒಡವೆಯನ್ನ ಅಳಿಯ ದಾನ ಮಾಡಿದ ಹಾಗೆ. ನಮ್ಮ ಕಡೆ ಕಾಯಕ, ದಾಸೋಹ ಅನ್ನೋ ಜೋಡಿ ಪದ ಭಾಷಣಗಳಲ್ಲಿ ದಿನಾ ಕೇಳ್ತೀವಿ. ಆ ಜೋಡಿಯಲ್ಲಿ ಕಾಯಕ ಮೊದಲು. ದುಡಿಮೆ ಶುದ್ಧ ಇದ್ದರೆ ಮಾತ್ರ ಅದರಿಂದ ದಾಸೋಹ. ಸಿಎಸ್‌ಆರ್ ವರದಿಗಳಲ್ಲಿ ದಾಸೋಹದ ಫೋಟೊ ಇರುತ್ತೆ, ಕಾಯಕದ ಪುಟ ಇರಲ್ಲ. ಮಾಲಿನ್ಯ ಮಾಡಿದೋರೇ ಖರ್ಚು ಕೊಡಬೇಕು ಅನ್ನೋ ತತ್ವವನ್ನ ಸುಪ್ರೀಂ ಕೋರ್ಟ್ 1996ರಲ್ಲೇ ನಮ್ಮ ಕಾನೂನಿನ ಭಾಗ ಅಂತ ಹೇಳಿದೆ.

ದೊಡ್ಡವರನ್ನ ಬೈಯೋದು ಸುಲಭ, ಈಗ ನಮ್ಮ ತಟ್ಟೆಗೆ ಬರೋಣ. ದಾವಣಗೆರೆ ಅಂದ್ರೆ ಹೊರಗಿನವರಿಗೆ ಬೆಣ್ಣೆ ದೋಸೆ, ನಮಗೆ ಸಂಜೆಯ ಮಂಡಕ್ಕಿ ಮಿರ್ಚಿ. ಆ ಮಂಡಕ್ಕಿ ಹುರಿಯೋ ಭಟ್ಟಿಗಳ ಸಾಲಿಗೆ ಒಂದು ಸಲ ಹೋಗಿ ಬನ್ನಿ. ಕಾದ ಮರಳು, ಹೊಗೆ, ಮಸಿ. ಉರುವಲಿಗೆ ಹಳೇ ಟೈರ್ ಸುಡ್ತಾರೆ ಅನ್ನೋ ದೂರು ವರ್ಷಗಳಿಂದ ಇದೆ. ಇಲ್ಲಿ ಮಾಲೀಕ ಬಿರ್ಲಾ ಅಲ್ಲ. ಎಷ್ಟೋ ಕಡೆ ಮಾಲೀಕನ ಮನೆಯವರೇ ಕೆಲಸದವರು, ಆ ಹೊಗೆ ಮೊದಲು ಹೋಗೋದು ಅವರ ಎದೆಗೇ. ಮಾಲಿನ್ಯ ಮಾಡಿದೋನು ಕೊಡಲಿ ಅಂದರೆ ಕೊಡೋಕೆ ಅವನ ಹತ್ತಿರ ಏನಿದೆ? ಭಟ್ಟಿಗೆ ಬೀಗ ಹಾಕಿಸಿದರೆ ಗಾಳಿ ಶುದ್ಧ, ಮನೆ ಉಪವಾಸ. ಹಂಗಂತ ಬಡವರ ಹೊಗೆ ಅಂತ ಬಿಟ್ಟರೆ ಪಕ್ಕದ ಮನೆಯ ಕೂಸಿಗೆ ಕೆಮ್ಮು. ಒಂದೇ ತತ್ವವನ್ನ ಎರಡೂ ಕಡೆ ಒಂದೇ ಥರ ಹಚ್ಚೋಕಾಗಲ್ಲ ಅನ್ನೋದು ನಮ್ಮ ಅಭಿಪ್ರಾಯ. ಅಲ್ಲಿ ಬೇಕಿರೋದು ದಂಡ, ಇಲ್ಲಿ ಬೇಕಿರೋದು ಕಡಿಮೆ ಉರುವಲಿನಲ್ಲಿ ಮರಳು ಕಾಯಿಸೋ ಒಲೆ. ಮೆಕ್ಯಾನಿಕಲ್‌ನವರೇ, ಪ್ರತಿ ವರ್ಷ ಅದೇ ಲೈನ್ ಫಾಲೋವರ್ ರೋಬೊ ಮಾಡೋ ಬದಲು ಇದನ್ನ ಪ್ರಾಜೆಕ್ಟ್ ಆಗಿ ತಗೊಂಡರೆ ಊರೇ ನಿಮಗೆ ಮಂಡಕ್ಕಿ ಹಂಚುತ್ತೆ. ಮಂಡಕ್ಕಿ ಬೆಲೆ ಒಂದೆರಡು ರೂಪಾಯಿ ಏರಬಹುದು. ಏರಲಿ, ಕೊಡೋಣ.

ಇಷ್ಟೆಲ್ಲ ನಮಗ್ಯಾಕೆ ಅಂತ ಕೇಳೋರಿಗೆ ಒಂದು ಲೆಕ್ಕ. ಅಂಕಿಗಳು ಲೆಕ್ಕಕ್ಕೆ ಹಿಡಿದವು, ಯಾವ ಫ್ಯಾಕ್ಟರಿಯವೂ ಅಲ್ಲ. ಹೊಳೆ ಕೆರೆಗೆ ಬಿಡೋ ನೀರಿಗೆ ಬಿಓಡಿಯ ಸಾಮಾನ್ಯ ಮಿತಿ ಲೀಟರಿಗೆ 30 ಮಿಲಿಗ್ರಾಂ. ನಿಮ್ಮ ಪ್ಲಾಂಟ್ ದಿನಕ್ಕೆ 10,000 ಘನ ಮೀಟರ್ ನೀರು ಬಿಡುತ್ತೆ, ಬಿಓಡಿ 60 ಇದೆ ಅಂತ ಇಟ್ಕೊಳ್ಳಿ. ದಿನಕ್ಕೆ 600 ಕೆಜಿ ಹೊರೆ. ಫೇಲ್. ಈಗ ಬೋರ್‌ವೆಲ್‌ನಿಂದ ಇನ್ನೊಂದು 10,000 ಘನ ಮೀಟರ್ ಒಳ್ಳೇ ನೀರು ಎತ್ತಿ ಪೈಪಿಗೆ ಸೇರಿಸಿ. ರೀಡಿಂಗ್ 30. ಪಾಸ್! ಹೊಳೆಗೆ ಹೋದದ್ದು ಅದೇ 600 ಕೆಜಿ, ಜೊತೆಗೆ ಅಂತರ್ಜಲವೂ ಖಾಲಿ. ಇದು ಅಕ್ರಮ ಅಂತ ಕಾನೂನಿಗೂ ಗೊತ್ತು. ಆದರೆ ಮಾಡಿದ್ದನ್ನ ಹಿಡಿಯೋಕೆ ಒಳಗಿನವರೇ ಬೇಕು. 2014ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 17 ವರ್ಗದ ಕೈಗಾರಿಕೆಗಳಿಗೆ ಆನ್‌ಲೈನ್ ಮೀಟರ್ ಹಾಕಿ ಅಂತ ಸೂಚಿಸಿತು. ಪೇಪರ್ ಪಲ್ಪ್ ಕೂಡ ಅದರಲ್ಲಿದೆ. ಮೀಟರ್ ಕ್ಯಾಲಿಬ್ರೇಟ್ ಮಾಡೋರು ಯಾರು? ಪ್ರೋಬ್ ಎಲ್ಲಿ ಇಡಬೇಕು ಅಂತ ತೋರಿಸೋರು ಯಾರು? ಲಾಗ್ ಬುಕ್‌ಗೆ ಸಹಿ ಹಾಕೋರು? ಕೆಮಿಕಲ್, ಸಿವಿಲ್, ಇನ್‌ಸ್ಟ್ರುಮೆಂಟೇಷನ್ ಓದಿದ ಇಪ್ಪತ್ತೆರಡು ವರ್ಷದ ಟ್ರೈನಿ. ಮನೆಯಲ್ಲಿ ಎಜುಕೇಷನ್ ಲೋನ್ ಇರೋನು. ಪ್ರೊಬೇಷನ್ ಇನ್ನೂ ಮುಗಿಯದೋನು. ಇನ್ನೆರಡು ವರ್ಷಕ್ಕೆ ನಮ್ಮಲ್ಲೇ ಯಾರೋ ಒಬ್ಬ.

ಅವನಿಗೆ ಅವತ್ತು ಕ್ಯಾಂಟ್ ನೆನಪಾಗಲಿ ಅಂತ ಬಯಸೋದು ಜಾಸ್ತಿಯಾಯ್ತು. ಅವನೊಬ್ಬನ ಧೈರ್ಯದ ಮೇಲೆ ಹೊಳೆಯನ್ನ ನಿಲ್ಲಿಸೋದೂ ಅನ್ಯಾಯವೇ. ಅವನು ಇಲ್ಲ ಅಂದರೆ ನಾಳೆ ಇನ್ನೊಬ್ಬ ಸಹಿ ಹಾಕ್ತಾನೆ. ಅದಕ್ಕೇ ಹೊರಗೂ ಒಂದು ರೀಡಿಂಗ್ ಇರಬೇಕು ಅಂತೀವಿ. ಒಳಗಿನ ಲಾಗ್ ಬುಕ್ ಒಂದು, ದಂಡೆ ಮೇಲಿನ ಲಾಗ್ ಬುಕ್ ಇನ್ನೊಂದು. ಎರಡು ಬುಕ್ ಇದ್ದರೆ ಒಳಗಿರೋ ಟ್ರೈನಿಗೂ 'ಸರ್, ಹೊರಗಡೆ ಅಳೀತಿದ್ದಾರೆ' ಅಂತ ಹೇಳೋಕೆ ಒಂದು ನೆಪ ಸಿಗುತ್ತೆ.

ಮೂರನೇ ಸೆಮ್‌ನಲ್ಲಿ ಸೋಷಿಯಲ್ ಕನೆಕ್ಟ್ ಅಂತ ಒಂದು ಚಟುವಟಿಕೆ ಇದೆಯಲ್ಲ, ಗಿಡ ನೆಟ್ಟು ಫೋಟೊ ತೆಗೆದು ರಿಪೋರ್ಟ್ ಕೊಡೋದು? ಅದನ್ನ ಹೊಳೆಗೆ ತಿರುಗಿಸಿ ಅಂತ ವಿಭಾಗದ ಸರ್, ಮೇಡಂಗಳನ್ನ ಕೇಳ್ತಿದ್ದೀವಿ. ನೀರಿನ ಆಮ್ಲಜನಕ ಅಳೆಯೋ ವಿಂಕ್ಲರ್ ವಿಧಾನಕ್ಕೆ ಬೇಕಾದ ಸಾಮಾನು ಎನ್ವಿರಾನ್‌ಮೆಂಟ್ ಲ್ಯಾಬಿನಲ್ಲಿ ಸಿಗೋವಂಥವೇ. ತಿಂಗಳಿಗೆ ಒಂದು ಭಾನುವಾರ, ಹರಿಹರದ ಸೇತುವೆಯ ಮೇಲಿನ ಊರಿನಲ್ಲಿ ಒಂದು ಬಾಟಲಿ, ಕೆಳಗಿನ ಊರುಗಳಲ್ಲಿ ಎರಡು. ನಗರದ ಚರಂಡಿ ಎಲ್ಲಿ ಸೇರುತ್ತೋ ಅಲ್ಲೊಂದು, ಯಾಕಂದ್ರೆ ಹೊಳೆ ಕೆಡಿಸೋದರಲ್ಲಿ ಊರುಗಳೂ ಹಿಂದೆ ಬಿದ್ದಿಲ್ಲ. ರಿಸಲ್ಟ್ ಇಂಗ್ಲಿಷಿನಲ್ಲಿ ಸಬ್‌ಮಿಟ್ ಮಾಡಿ ಬೀರುವಿಗೆ ಸೇರಿಸೋದಲ್ಲ, ಕನ್ನಡದಲ್ಲಿ ಬರೆದು ಆ ಊರಿನ ಪಂಚಾಯ್ತಿ ಬೋರ್ಡಿಗೆ ಅಂಟಿಸೋದು. ಬಿಓಡಿಗೆ ಕನ್ನಡದಲ್ಲಿ ಏನಂತ ಬರೆದರೆ ದನ ತೊಳೆಯೋ ಅಜ್ಜನಿಗೆ ಅರ್ಥ ಆಗುತ್ತೆ ಅನ್ನೋದು ನಮ್ಮ ಕ್ಲಬ್ಬಿನ ಕೆಲಸ. 'ಜೈವಿಕ ಆಮ್ಲಜನಕ ಬೇಡಿಕೆ' ಅಂದ್ರೆ ಅವರು ನಮ್ಮನ್ನೇ ಹೊಳೆಗೆ ತಳ್ತಾರೆ.

ನಾಲ್ಕೈದು ಜನ ಹೆಸರು ಕೊಟ್ಟಿದ್ದೀವಿ. ಸಿವಿಲ್ ಮತ್ತು ಕೆಮಿಕಲ್‌ನವರು ಇನ್ನಷ್ಟು ಬೇಕು, ಟೈಟ್ರೇಷನ್ ಕೈ ನಡುಗದೆ ಮಾಡೋರಿದ್ದರೆ ಇನ್ನೂ ಒಳ್ಳೇದು. ಇಂಟರ್ನಲ್ಸ್ ಮುಗಿದ ಮೊದಲ ಭಾನುವಾರ ಬೆಳಿಗ್ಗೆ ಹೊರಡೋ ಯೋಚನೆ. ತಿಂಡಿ ಹರಿಹರದಲ್ಲಿ.